ಒತ್ತುವ ಕೈ, ಬರೆಯುವ ಕೈ
ಆಸ್ಪತ್ರೆಯ ಹೊರಗೆ ಉಸಿರು ನಿಂತಾಗ ತೀರ್ಮಾನ ಯಾರದು, ದಾಖಲೆ ಯಾರಿಗಾಗಿ? ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯಲ್ಲಿ ನಿಂತು ಒಂದು ಸಮೀಕ್ಷೆ

ಕುಸಿದು ಬಿದ್ದವರ ಎದೆ ಒತ್ತುತ್ತಿರುವ ಆಂಬುಲೆನ್ಸ್ ಸಿಬ್ಬಂದಿಗೆ ಕಾಗದ ಹುಡುಕುವ ಪುರುಸೊತ್ತು ಇರುವುದಿಲ್ಲ. ಗ್ಲೌಸಿನ ಹಿಂಬದಿಯ ಮೇಲೆಯೇ ಬಾಲ್‌ಪೆನ್ನಿನಿಂದ ಸಮಯ ಗೀಚಿಕೊಳ್ಳುವ ರೂಢಿ ತುರ್ತು ಸೇವೆಯವರಲ್ಲಿದೆ. ಸ್ಥಳ ತಲುಪಿದ್ದು 6.42, ಒತ್ತಲು ಶುರು ಮಾಡಿದ್ದು 6.43, ಇಂಜೆಕ್ಷನ್ 6.51. ಆಸ್ಪತ್ರೆ ಮುಟ್ಟಿ, ರೋಗಿಯನ್ನು ಒಪ್ಪಿಸಿ, ಬೆವರು ಒರೆಸಿಕೊಂಡ ಮೇಲೆ ಆ ಅಂಕಿಗಳನ್ನು ನಮೂನೆಗೆ ಇಳಿಸಬೇಕು. ಅಷ್ಟರಲ್ಲಿ ಇನ್ನೊಂದು ಕರೆ ಬಂದರೆ ಗ್ಲೌಸು ವೈದ್ಯಕೀಯ ತ್ಯಾಜ್ಯದ ಕೆಂಪು ಚೀಲಕ್ಕೆ ಬೀಳುತ್ತದೆ. ಒಬ್ಬ ಮನುಷ್ಯನ ಕೊನೆಯ ಇಪ್ಪತ್ತು ನಿಮಿಷಗಳ ಲೆಕ್ಕವೂ ಅದರೊಂದಿಗೇ ಹೋಗುತ್ತದೆ.

ಆ ಇಪ್ಪತ್ತು ನಿಮಿಷಗಳಲ್ಲಿ ಹಲವು ತೀರ್ಮಾನಗಳು ಆಗಿರುತ್ತವೆ. ಒತ್ತಬೇಕೋ ಬೇಡವೋ, ಎಷ್ಟು ಹೊತ್ತು ಒತ್ತಬೇಕು, ಇಲ್ಲೇ ನಿಂತು ಪ್ರಯತ್ನಿಸಬೇಕೋ ಗಾಡಿ ಓಡಿಸಬೇಕೋ, ಮನೆಯವರು ಸಾಕೆಂದರೆ ಕೈ ತೆಗೆಯಬಹುದೋ. ವೈದ್ಯಕೀಯ ನೀತಿಶಾಸ್ತ್ರದಲ್ಲಿ ಇವುಗಳ ಮೇಲೆ ಅರ್ಧ ಶತಮಾನದಿಂದ ಚರ್ಚೆ ನಡೆದಿದೆ. ಆ ಚರ್ಚೆಯ ದಾರಿಗಳನ್ನು ನಮ್ಮ ಸೀಮೆಯ ನೆಲದ ಮೇಲೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ. ನನ್ನ ಮಟ್ಟಿಗೆ ಒಂದು ಮಾತು ಖಚಿತ. ತೀರ್ಮಾನ ಎಷ್ಟೇ ಒಳ್ಳೆಯದಿರಲಿ, ಅದನ್ನು ಬರೆದಿಡದೆ ಹೋದರೆ ಅರ್ಧ ಕರ್ತವ್ಯ ಬಾಕಿ ಉಳಿಯಿತು. ಒತ್ತುವ ಕೈಯಷ್ಟೇ ಬರೆಯುವ ಕೈಯೂ ಶುಶ್ರೂಷೆಯ ಭಾಗ.

ನೆಲದ ಸ್ಥಿತಿ

ಈ ನಾಲ್ಕು ಊರುಗಳು ಎರಡು ಜಿಲ್ಲೆಗಳಲ್ಲಿ ಹಂಚಿಹೋಗಿವೆ. ಹೊಸಪೇಟೆ ಮತ್ತು ಹಂಪಿ 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯಲ್ಲಿವೆ. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದಿವೆ. ತುಂಗಭದ್ರಾ ಹೊಳೆ ದಾಟಿದರೆ ಕೊಪ್ಪಳ ಜಿಲ್ಲೆ. ದೊಡ್ಡ ಸರ್ಕಾರಿ ಬೋಧನಾ ಆಸ್ಪತ್ರೆ ಎಂದರೆ ಹಿಂದೆ ವಿಮ್ಸ್ ಎನ್ನಿಸಿಕೊಂಡಿದ್ದ ಬಳ್ಳಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಹೊಸಪೇಟೆಯಿಂದ ಸುಮಾರು 60 ಕಿಲೋಮೀಟರ್.

ಇಲ್ಲಿ ಉಸಿರು ನಿಲ್ಲುವ ಬಗೆಗಳೂ ಒಂದೇ ತೆರನಲ್ಲ. ಹೊಸಪೇಟೆಯಲ್ಲಿ ಒಂದನ್ನೊಂದು ಕೂಡುವ ಎರಡು ರಾಷ್ಟ್ರೀಯ ಹೆದ್ದಾರಿಗಳಲ್ಲಿ ಅಪಘಾತಗಳು. ಸಂಡೂರಿನ ಅದಿರು ಲಾರಿಗಳ ದಾರಿಯಲ್ಲಿ, ಗಣಿಯ ಬೆಂಚುಗಳಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸುತ್ತ ಆಗುವ ಗಾಯಗಳು, ವಿದ್ಯುತ್ ಆಘಾತಗಳು. ಹಂಪಿಯ ಮಾತಂಗ ಬೆಟ್ಟದ ಮೆಟ್ಟಿಲಲ್ಲಿ ಬಿಸಿಲಿಗೆ ಎದೆ ಹಿಡಿದುಕೊಳ್ಳುವ ಪ್ರವಾಸಿಗರು. ತುಂಗಭದ್ರೆಯ ಮಡುಗಳಲ್ಲಿ, ಜಲಾಶಯದ ಕಾಲುವೆಗಳಲ್ಲಿ ಮುಳುಗಿದವರು. ಕಂಪ್ಲಿಯ ಭತ್ತದ ಗದ್ದೆ, ಕಬ್ಬಿನ ತೋಟಗಳಲ್ಲಿ ಹಾವು ಕಡಿದವರು, ಕೀಟನಾಶಕ ಕುಡಿದವರು. ಇವುಗಳ ನಡುವೆ, ಮನೆಯ ಪಡಸಾಲೆಯಲ್ಲಿ ಸದ್ದಿಲ್ಲದೆ ಹೃದಯ ನಿಂತವರು.

ಹೊಳೆ ತುಂಬಿದಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ. ಆಗ ಎದುರಿಗೇ ಕಾಣುವ ಆಸ್ಪತ್ರೆಗೆ ಸುತ್ತಿ ಬಳಸಿ ಹೋಗಬೇಕು. ನಗರದ ನಿಮಿಷಗಳ ಲೆಕ್ಕದಲ್ಲಿ ಕಟ್ಟಿದ ನಿಯಮಗಳನ್ನು ಇಲ್ಲಿ ಅನ್ವಯಿಸುವ ಮುನ್ನ ಈ ದಾರಿಗಳನ್ನು ನೆನಪಿಡಬೇಕು.

ಪ್ರಶ್ನೆ ಬೆಳೆದ ಬಗೆ

ಉಸಿರು ನಿಂತವರನ್ನು ಎಬ್ಬಿಸುವ ಸಂಘಟಿತ ಯತ್ನ ಶುರುವಾದದ್ದು ನೀರಿನ ದಡದಲ್ಲಿ. ಕಾಲುವೆಗಳ ಊರಾದ ಆಮ್‌ಸ್ಟರ್‌ಡಾಮಿನಲ್ಲಿ 1767ರಲ್ಲಿ ಮುಳುಗಿದವರನ್ನು ಉಳಿಸಲೆಂದೇ ಸಂಘವೊಂದು ಹುಟ್ಟಿತು. 1774ರಲ್ಲಿ ಲಂಡನ್ನಿನಲ್ಲಿ ಅಂಥದೇ ಸಂಘ ಬಂತು. ಇಂದಿನ ವಿಧಾನ ರೂಪುಗೊಂಡದ್ದು ಇನ್ನೂರು ವರ್ಷಗಳ ನಂತರ. 1950ರ ದಶಕದ ಕೊನೆಯಲ್ಲಿ ಪೀಟರ್ ಸಫಾರ್, ಜೇಮ್ಸ್ ಎಲಾಮ್ ಬಾಯಿಯಿಂದ ಬಾಯಿಗೆ ಉಸಿರು ಕೊಡುವುದು ಫಲಕಾರಿ ಎಂದು ತೋರಿಸಿದರು. 1960ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಕೌವನ್‌ಹೋವನ್, ಜೂಡ್, ನಿಕರ್‌ಬಾಕರ್ ಎದೆ ಸೀಳದೆ, ಹೊರಗಿನಿಂದಲೇ ಒತ್ತಿ ರಕ್ತ ಹರಿಸಬಹುದೆಂದು ಪ್ರಕಟಿಸಿದರು. 1966ರಲ್ಲಿ ಬೆಲ್‌ಫಾಸ್ಟ್‌ನ ಫ್ರ್ಯಾಂಕ್ ಪ್ಯಾಂಟ್ರಿಜ್ ಹೃದಯಕ್ಕೆ ಶಾಕ್ ಕೊಡುವ ಯಂತ್ರವನ್ನು ಆಂಬುಲೆನ್ಸಿಗೇ ಏರಿಸಿದರು. ಆಸ್ಪತ್ರೆ ರಸ್ತೆಗೆ ಇಳಿಯಿತು.

ಹೊಸ ವಿದ್ಯೆ ಹೊಸ ಕಷ್ಟವನ್ನೂ ತಂದಿತು. ಸಾಯುವ ಹೊತ್ತಿಗೆ ಎಲ್ಲರ ಹೃದಯವೂ ನಿಲ್ಲುತ್ತದೆ. ಹಾಗಾದರೆ ಎಲ್ಲರ ಎದೆಯನ್ನೂ ಒತ್ತಬೇಕೇ? 1974ರಲ್ಲಿ ಅಮೆರಿಕದ ವೈದ್ಯಕೀಯ ಸಂಘ, ಗುಣವಾಗದ ಕಾಯಿಲೆಯ ಕೊನೆಯ ಹಂತದಲ್ಲಿ ಈ ಚಿಕಿತ್ಸೆ ಸಲ್ಲದೆಂದೂ ಆ ತೀರ್ಮಾನವನ್ನು ರೋಗಿಯ ಕಡತದಲ್ಲಿ ಬರೆದಿಡಬೇಕೆಂದೂ ಹೇಳಿತು. ನೀತಿಯ ಪ್ರಶ್ನೆಗೂ ದಾಖಲೆಯ ಪ್ರಶ್ನೆಗೂ ಗಂಟು ಬಿದ್ದದ್ದು ಅಲ್ಲಿ. 1990ರಲ್ಲಿ ನಾರ್ವೆಯ ಉಟ್‌ಸ್ಟೈನ್ ಎಂಬ ಹಳೆಯ ಮಠದಲ್ಲಿ ಸೇರಿದ ತಜ್ಞರು, ಆಸ್ಪತ್ರೆಯ ಹೊರಗಿನ ಹೃದಯ ಸ್ತಂಭನವನ್ನು ಎಲ್ಲ ದೇಶಗಳೂ ಒಂದೇ ಬಗೆಯಲ್ಲಿ ದಾಖಲಿಸಲು ನಮೂನೆ ಸಿದ್ಧಪಡಿಸಿದರು. ಯಾರಾದರೂ ಕಂಡಿದ್ದರೇ, ದಾರಿಹೋಕರು ಎದೆ ಒತ್ತಿದ್ದರೇ, ಮೊದಲು ಕಂಡ ಹೃದಯದ ಲಯ ಯಾವುದು, ಬದುಕಿ ಮನೆಗೆ ಹೋದರೇ ಎಂಬ ನಾಲ್ಕಾರು ಸರಳ ಪ್ರಶ್ನೆಗಳೇ ಅದರ ತಿರುಳು.

ನಮ್ಮಲ್ಲಿ 108 ಆರೋಗ್ಯ ಕವಚ ಸೇವೆ 2008ರ ನವೆಂಬರ್ 1ರಂದು ಶುರುವಾಯಿತು. ಗಾಡಿಯಲ್ಲಿ ಒಬ್ಬ ಇಎಂಟಿ (ತುರ್ತು ವೈದ್ಯಕೀಯ ತಂತ್ರಜ್ಞ), ಪೈಲಟ್ ಎನ್ನುವ ಒಬ್ಬ ಚಾಲಕ. ಫೋನಿನ ಆಚೆ ಸಲಹೆ ಕೊಡುವ ವೈದ್ಯರು. ಅಲ್ಲಿಯತನಕ ಸಿಕ್ಕ ಟ್ರ್ಯಾಕ್ಸು, ಟಂಟಂ, ಟ್ರ್ಯಾಕ್ಟರುಗಳಲ್ಲಿ ಬರುತ್ತಿದ್ದ ರೋಗಿಯ ಪಕ್ಕ ಮೊದಲ ಬಾರಿಗೆ ತರಬೇತಿ ಪಡೆದ ಒಬ್ಬರು ಕೂತರು. 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿಗೇ ಹೃದಯಾಘಾತದಿಂದ ನಟ ಪುನೀತ್ ರಾಜ್‌ಕುಮಾರ್ ಹೋದದ್ದು ಹೊಸಪೇಟೆಗೆ ಸ್ವಂತ ಮನೆಯ ಸಾವಾಗಿತ್ತು. ಮರುವರ್ಷ ಊರಿನಲ್ಲಿ ಅವರ ಪ್ರತಿಮೆ ನಿಂತಿತು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು, ಜಿಲ್ಲಾ ಆಸ್ಪತ್ರೆಗಳನ್ನು ಜಯದೇವದಂಥ ಹೃದ್ರೋಗ ಕೇಂದ್ರಗಳಿಗೆ ಜೋಡಿಸಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂತು. ಆಸ್ಪತ್ರೆಯ ಬಾಗಿಲು ಮುಟ್ಟಿದವರಿಗೆ ಇದು ವರ. ಬಾಗಿಲು ಮುಟ್ಟುವ ಮೊದಲೇ ಕುಸಿದವರ ಪ್ರಶ್ನೆ ಹಾಗೇ ಉಳಿದಿದೆ.

ಮೊದಲ ದಾರಿ: ಮೊದಲು ಪ್ರಾಣ

ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಬಲವಾದ ವಾದ ಇದು. ಬಿದ್ದವರು ಮಾತಾಡಲಾರರು, ಮಾತಾಡಬಲ್ಲವರಾಗಿದ್ದರೆ ಬದುಕಿಸಿ ಎನ್ನುತ್ತಿದ್ದರು ಎಂದೇ ಭಾವಿಸಬೇಕು. ಅನುಮಾನವಿದ್ದರೆ ಒತ್ತು. ಒತ್ತಿ ತಪ್ಪಾದರೆ ಒಂದೆರಡು ಪಕ್ಕೆಲುಬು ಮುರಿದಾವು, ಒತ್ತದೆ ತಪ್ಪಾದರೆ ತಿದ್ದುವ ದಾರಿಯೇ ಇಲ್ಲ.

ನಮ್ಮ ಕಾನೂನು ಬಹುಮಟ್ಟಿಗೆ ಈ ದಾರಿಯಲ್ಲಿದೆ. 1989ರ ಪರಮಾನಂದ ಕಟಾರಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ಇರಲಿ ಖಾಸಗಿ ಇರಲಿ, ಪ್ರಾಣ ಉಳಿಸುವುದು ವೈದ್ಯರ ಮೊದಲ ಹೊಣೆ, ಪೊಲೀಸ್ ವಿಧಿವಿಧಾನ ಆಮೇಲೆ ಎಂದಿತು. ಒಪ್ಪಿಗೆ ಪಡೆಯಲಾಗದ ಸ್ಥಿತಿಯಲ್ಲಿ ಸದುದ್ದೇಶದಿಂದ ಆ ವ್ಯಕ್ತಿಯ ಹಿತಕ್ಕಾಗಿಯೇ ಮಾಡಿದ ಕೆಲಸ ಅಪರಾಧವಲ್ಲ ಎಂಬ ಹಳೆಯ ದಂಡ ಸಂಹಿತೆಯ 92ನೇ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಮಾಗಿ ಮುಂದುವರಿದಿದೆ. ಅಪಘಾತದಲ್ಲಿ ನೆರವಾದವರಿಗೆ 2016ರ ಸುಪ್ರೀಂ ಕೋರ್ಟ್ ಆದೇಶ, ಕರ್ನಾಟಕದ್ದೇ ಆದ ಜೀವರಕ್ಷಕರ ಕಾಯ್ದೆ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂಗಳ ರಕ್ಷಣೆ ಇದೆ. ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲ, ಠಾಣೆಗೆ ಅಲೆಯುವ ಭಯ ಬೇಡ.

ದಾರಿಹೋಕರು ಮುಂದೆ ಬರದಿರುವುದಕ್ಕೆ ಭಯದ ಜೊತೆ ಸಂಕೋಚವೂ ಕಾರಣ. ಸಂತೆಯಲ್ಲಿ ಹೆಣ್ಣುಮಗಳೊಬ್ಬಳು ಕುಸಿದರೆ ಎದೆಯ ಮೇಲೆ ಕೈಯಿಡಲು ಗಂಡಸರು ಹಿಂಜರಿಯುತ್ತಾರೆ. ಈ ಹಿಂಜರಿಕೆಯಿಂದ ಪ್ರಾಣ ಹೋಗುತ್ತದೆ ಎಂಬ ಮಾತನ್ನು ಶಾಲೆಯಲ್ಲಿ, ಸಂಘದ ಸಭೆಯಲ್ಲಿ ನೇರವಾಗಿ ಹೇಳಬೇಕು. ಕಲಿಯುವುದು ಕಷ್ಟವೇನಲ್ಲ. ಎದೆಯ ನಡುವೆ ಅಂಗೈಯ ಬುಡ ಇಟ್ಟು, ಮೊಣಕೈ ಮಡಿಸದೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಪ್ರತಿ ಬಾರಿಯೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಜನಸಾಮಾನ್ಯರು ಉಸಿರು ಊದುವ ಗೋಜಿಲ್ಲದೆ ಬರೀ ಒತ್ತಿದರೂ ಸಾಕೆಂಬ ಸರಳ ಪಾಠವನ್ನು ಭಾರತೀಯ ಅರಿವಳಿಕೆ ತಜ್ಞರು ಪ್ರಚಾರ ಮಾಡುತ್ತಿದ್ದಾರೆ. ಆದರೆ ಹೊಳೆ ದಂಡೆಯವರು ಒಂದು ವ್ಯತ್ಯಾಸ ತಿಳಿದಿರಬೇಕು. ಮುಳುಗಿದವರಲ್ಲಿ ಮೊದಲು ನಿಲ್ಲುವುದು ಉಸಿರು, ಹೃದಯ ಆಮೇಲೆ. ಅವರಿಗೆ ಬಾಯಿಯಿಂದ ಕೊಡುವ ಗಾಳಿ ಬಹುಮುಖ್ಯ. ಹರಿಗೋಲು ನಡೆಸುವವರಿಗೂ ಮೀನುಗಾರರಿಗೂ ಬರೀ ಒತ್ತುವ ಪಾಠ ಹೇಳಿಕೊಟ್ಟರೆ ಅದು ಅರ್ಧ ಪಾಠ.

ಈ ದಾರಿ ಎಲ್ಲಿ ಸೋಲುತ್ತದೆ? ಸತ್ತು ಗಂಟೆಗಳಾಗಿ ಮೈ ಸೆಟೆದ ದೇಹವನ್ನೂ ಗಾಡಿಗೆ ಹಾಕಿ ಒತ್ತುತ್ತಾ ಓಡಿಸುವಂತೆ ಮಾಡುತ್ತದೆ. ಕ್ಯಾನ್ಸರಿನ ಕೊನೆಯ ದಿನಗಳನ್ನು ಮನೆಯಲ್ಲೇ ಕಳೆಯಲು ಬಂದ ಅಜ್ಜಿಯ ಎದೆಯನ್ನೂ ಬಿಡುವುದಿಲ್ಲ.

ಎರಡನೆಯ ದಾರಿ: ಅವರೇ ಬೇಡವೆಂದಿದ್ದರೆ?

ಅಲ್ಲಿಂದಲೇ ಎರಡನೆಯ ವಾದ ಏಳುತ್ತದೆ. ದೇಹ ಅವರದು, ಕೊನೆಯ ಮಾತೂ ಅವರದೇ. ದಶಕಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದ್ದ ಅರುಣಾ ಶಾನಭಾಗರ ವಿಷಯದಲ್ಲಿ 2011ರಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು ಈ ಬಾಗಿಲನ್ನು ಕೊಂಚ ತೆರೆಯಿತು. ಆಕೆ ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋದ ನರ್ಸ್ ಎಂಬುದು ಕನ್ನಡಿಗರು ಮರೆಯಬಾರದ ಸಂಗತಿ. 2018ರ ಮಾರ್ಚ್ 9ರ ಕಾಮನ್ ಕಾಜ್ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿಯ ಭಾಗವೆಂದು ಹೇಳಿ, ಚಿಕಿತ್ಸೆಯ ಇಚ್ಛೆಯನ್ನು ಮುಂಚೆಯೇ ಬರೆದಿಡುವ ಲಿವಿಂಗ್ ವಿಲ್‌ಗೆ ಮಾನ್ಯತೆ ಕೊಟ್ಟಿತು. 2023ರ ಜನವರಿಯಲ್ಲಿ ವಿಧಾನ ಸುಲಭವಾಯಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಚಿಕಿತ್ಸೆ ನಿಲ್ಲಿಸುವ ಮುನ್ನ ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಈ ಹಕ್ಕಿಗಾಗಿ ವರ್ಷಗಟ್ಟಲೆ ಬರೆದರು, ಅಲೆದರು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಈ ತೀರ್ಪನ್ನು ಜಾರಿಗೆ ತರುವ ಆದೇಶ ಹೊರಡಿಸಿತು.

ಇಷ್ಟೆಲ್ಲ ಆಗಿಯೂ ಈ ವ್ಯವಸ್ಥೆ ನಿಂತಿರುವುದು ಆಸ್ಪತ್ರೆಯ ಒಳಗೆ. ಮಂಡಳಿ ಸೇರಬೇಕು, ಚರ್ಚಿಸಬೇಕು, ಅದಕ್ಕೆ 48 ಗಂಟೆಗಳ ಕಾಲಮಿತಿ. ಪಡಸಾಲೆಯಲ್ಲಿ ಮಂಡಿಯೂರಿದ ಇಎಂಟಿಯ ಬಳಿ ಇರುವುದು ಕೆಲವೇ ಕ್ಷಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪ್ರಕಟಿಸಿದ ಪುನಶ್ಚೇತನ ಬೇಡವೆಂಬ ತೀರ್ಮಾನದ ಮಾರ್ಗಸೂಚಿಯೂ ಚಿಕಿತ್ಸೆ ನೀಡುತ್ತಿರುವ ವೈದ್ಯರ ಸುತ್ತಲೇ ಇದೆ. ಅಮೆರಿಕದ ಒರೆಗಾನ್ ರಾಜ್ಯ 1990ರ ದಶಕದಲ್ಲೇ ಈ ಕಂದಕಕ್ಕೆ ಸೇತುವೆ ಕಟ್ಟಿತು. ಗಂಭೀರ ಕಾಯಿಲೆಯವರ ಇಚ್ಛೆಯನ್ನು ವೈದ್ಯರ ಆದೇಶದ ರೂಪದಲ್ಲಿ, ಕಣ್ಣಿಗೆ ಹೊಡೆಯುವ ಗುಲಾಬಿ ಬಣ್ಣದ ಹಾಳೆಯಲ್ಲಿ ಬರೆದು ಮನೆಯಲ್ಲಿಡುತ್ತಾರೆ. ಆಂಬುಲೆನ್ಸಿನವರು ಅದನ್ನು ಪಾಲಿಸಲೇಬೇಕು. ನಮ್ಮಲ್ಲಿ ಲಿವಿಂಗ್ ವಿಲ್ ಬರೆದವರ ಕಾಗದ ಟ್ರಂಕಿನ ತಳದಲ್ಲಿ, ಹೊಲದ ಪತ್ರಗಳ ಜೊತೆ ಇರುತ್ತದೆ. ಅದು ಸಿಕ್ಕರೂ, ಓದಿ ಕೈ ತೆಗೆಯುವ ಅಧಿಕಾರವನ್ನು 108ರ ಸಿಬ್ಬಂದಿಗೆ ಯಾವ ಕಾನೂನೂ ಕೊಟ್ಟಿಲ್ಲ.

ಮೂರನೆಯ ದಾರಿ: ಸಾಧ್ಯತೆಯ ಲೆಕ್ಕ

ಭಾವನೆಯ ಬದಲು ಅಂಕಿಯನ್ನು ನಂಬುವವರ ವಾದ ಬೇರೆ. ಫಲವೇ ಇಲ್ಲದ ಕಡೆ ಪ್ರಯತ್ನ ಮುಂದುವರಿಸುವುದು ಚಿಕಿತ್ಸೆ ಅಲ್ಲ ಎನ್ನುತ್ತಾರೆ ಅವರು. ಕೆನಡಾದ ಒಂಟಾರಿಯೋದಲ್ಲಿ ಲಾರಿ ಮಾರಿಸನ್ ಮತ್ತು ಸಂಗಡಿಗರು ಒಂದು ನಿಯಮವನ್ನು ಒರೆಗೆ ಹಚ್ಚಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೃದಯ ನಿಂತದ್ದು ಸಿಬ್ಬಂದಿಯ ಕಣ್ಣೆದುರಲ್ಲ, ಯಂತ್ರ ಶಾಕ್ ಕೊಡಲಿಲ್ಲ, ನಾಡಿ ಮರಳಲಿಲ್ಲ. ಮೂರೂ ಸೇರಿದರೆ ಸ್ಥಳದಲ್ಲೇ ನಿಲ್ಲಿಸಬಹುದು. ಹಾಗೆ ನಿಲ್ಲಿಸಬಹುದಿತ್ತೆಂದು ನಿಯಮ ಹೇಳಿದ 776 ಜನರಲ್ಲಿ 4 ಜನ ಬದುಕಿದ್ದರು.

ಆ 776 ಮತ್ತು 4ರ ನಡುವೆಯೇ ಇಡೀ ಚರ್ಚೆ ನಿಂತಿದೆ. ಸಾವಿರಕ್ಕೆ ಐದರ ಆಸುಪಾಸಿನ ಸಾಧ್ಯತೆಯನ್ನು ಶೂನ್ಯವೆನ್ನಬಹುದೇ? ಲೆಕ್ಕದಲ್ಲಿ ಅನ್ನಬಹುದು. ಆ ನಾಲ್ವರ ಮನೆಯವರ ಮುಂದೆ ಅನ್ನಲಾಗದು. ಬದುಕುವುದೆಂದರೆ ಏನೆಂಬ ಪ್ರಶ್ನೆಯೂ ಇದೆ. ಬ್ರಿಟನ್ನಿನಲ್ಲಿ 8014 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಡ್ರಿನಾಲಿನ್ ಪಡೆದವರಲ್ಲಿ ಶೇ 3.2ರಷ್ಟು ಮಂದಿ ತಿಂಗಳ ನಂತರವೂ ಬದುಕಿದ್ದರು. ಪಡೆಯದವರಲ್ಲಿ ಶೇ 2.4. ಆದರೆ ಮಿದುಳು ಚೆನ್ನಾಗಿ ಉಳಿದವರ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹೆಚ್ಚು ಹೃದಯಗಳು ಬಡಿದವು. ಎದ್ದು ಮಾತಾಡಿದವರು ಹೆಚ್ಚಾದರೆಂದು ಹೇಳುವಂತಿರಲಿಲ್ಲ.

ಈ ನಿಯಮಗಳನ್ನು ನಮ್ಮ ಸೀಮೆಗೆ ಎತ್ತಿ ಇಡುವಾಗ ಎಚ್ಚರ ಬೇಕು. ಅವು ಹೃದಯದ ಕಾಯಿಲೆಯಿಂದ ಕುಸಿದವರಿಗಾಗಿ, ಯಂತ್ರ ಹತ್ತಿರವಿರುವ ಊರುಗಳಿಗಾಗಿ ಹುಟ್ಟಿದವು. ಕಂಪ್ಲಿಯ ಗದ್ದೆಯಲ್ಲಿ ಕಟ್ಟುಹಾವು ಕಡಿದವನನ್ನು ನೋಡಿ. ಅದರ ವಿಷ ಸ್ನಾಯುಗಳನ್ನು ಕಟ್ಟಿಹಾಕುತ್ತದೆ. ರೆಪ್ಪೆ ಏಳದು, ಕೈಕಾಲು ಅಲ್ಲಾಡದು, ಬೆಳಕು ಬಿಟ್ಟರೂ ಕಣ್ಣಿನ ಪಾಪೆ ಕುಗ್ಗದಿರಬಹುದು, ಉಸಿರು ನಿಂತಿರುತ್ತದೆ. ನೋಡಿದವರು ಹೋಗಿಬಿಟ್ಟ ಎನ್ನುತ್ತಾರೆ. ಗಾಳಿಚೀಲ ಒತ್ತಿ ಉಸಿರು ಕೊಡುತ್ತಾ ವೆಂಟಿಲೇಟರಿಗೆ ಮುಟ್ಟಿಸಿ, ವಿಷನಿರೋಧಕ ಕೊಟ್ಟರೆ ಅದೇ ಮನುಷ್ಯ ದಿನಗಳ ನಂತರ ಎದ್ದು ಕೂರಬಹುದು. ಸಿಡಿಲು ಬಡಿದವರು, ಕರೆಂಟು ಹೊಡೆದವರು, ಕೀಟನಾಶಕ ಕುಡಿದವರ ವಿಚಾರದಲ್ಲೂ ಬೇಗ ಕೈ ಬಿಡಬಾರದು. ಹಾವು ಕಡಿತವನ್ನು ಕರ್ನಾಟಕ 2024ರ ಫೆಬ್ರುವರಿಯಲ್ಲಿ ಅಧಿಸೂಚಿತ ಕಾಯಿಲೆಯೆಂದು ಘೋಷಿಸಿತು. ಪ್ರತಿ ಪ್ರಕರಣವೂ ವರದಿಯಾಗಬೇಕು. ಇಲ್ಲಿಗೆ ತಕ್ಕ ನಿಲುಗಡೆಯ ನಿಯಮ ಬೇಕೆಂದರೆ ಇಲ್ಲಿಯ ಸಾವುಗಳ ಲೆಕ್ಕವೇ ಆಧಾರವಾಗಬೇಕು.

ನಾಲ್ಕನೆಯ ದಾರಿ: ಮನೆಯವರ ಕಣ್ಣೆದುರು

ನಮ್ಮಲ್ಲಿ ರೋಗಿ ಒಂಟಿಯಲ್ಲ. ಸುತ್ತ ಹತ್ತು ಜನ ನಿಂತಿರುತ್ತಾರೆ. "ಏನಾರ ಮಾಡ್ರಿ ಸರ್, ಬಿಡಬ್ಯಾಡ್ರಿ" ಎಂದು ಮಗ ಕಾಲು ಹಿಡಿಯುತ್ತಾನೆ. "ಸಾಕು ಬಿಡ್ರಪ್ಪ, ಮುದುಕನ್ನ ಯಾಕ ಹಿಂಸಾ ಮಾಡ್ತೀರಿ, ಬಾಯಿಗೆ ನೀರು ಬಿಡೂಣು" ಎಂದು ಹಿರಿಯಳೊಬ್ಬಳು ಸೆರಗು ಬಾಯಿಗಿಟ್ಟುಕೊಂಡು ಹೇಳುತ್ತಾಳೆ. ಇಬ್ಬರೂ ಆತನನ್ನು ಪ್ರೀತಿಸುವವರೇ.

ಕುಟುಂಬವನ್ನು ನಡುವಿಗಿಡುವ ಚಿಂತಕರು, ವ್ಯಕ್ತಿಯ ಇಚ್ಛೆಯೆಂಬುದು ಮನೆಯ ಮಾತುಕತೆಯಲ್ಲೇ ರೂಪುಗೊಳ್ಳುತ್ತದೆ, ಕಾಗದದಲ್ಲಿ ಅಲ್ಲ ಎನ್ನುತ್ತಾರೆ. ಅವರ ಕಡೆಗೆ ಸಾಕ್ಷ್ಯವೂ ಇದೆ. ಫ್ರಾನ್ಸಿನಲ್ಲಿ ಪ್ಯಾಟ್ರಿಸಿಯಾ ಜಾಬ್ರ್ ಮತ್ತು ಸಂಗಡಿಗರು 570 ಬಂಧುಗಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯಲ್ಲಿ ಪುನಶ್ಚೇತನ ನಡೆಯುವಾಗ ಪಕ್ಕದಲ್ಲಿರಲು ಅವಕಾಶ ಪಡೆದವರಿಗೆ ಆಮೇಲೆ ಆಘಾತದ ಮಾನಸಿಕ ಬಾಧೆ ಕಡಿಮೆಯಿತ್ತು. ಸಿಬ್ಬಂದಿಯ ಕೆಲಸಕ್ಕೆ ಅಡ್ಡಿಯಾಗಲೂ ಇಲ್ಲ. ಮಾಡಬೇಕಾದ್ದನ್ನೆಲ್ಲ ಮಾಡಿದರು ಎಂಬುದನ್ನು ಕಣ್ಣಾರೆ ಕಂಡವರ ದುಃಖಕ್ಕೆ ಒಂದು ದಡ ಇರುತ್ತದೆ.

ಈ ದಾರಿಯ ಅಪಾಯವನ್ನೂ ಹೇಳಬೇಕು. ಮನೆಯವರ ಸಾಕು ಎಂಬ ಮಾತಿನ ಹಿಂದೆ ಕರುಣೆ ಇರಬಹುದು, ಬಡತನ ಇರಬಹುದು, ಪೋಸ್ಟ್‌ಮಾರ್ಟಂನ ಅಂಜಿಕೆ ಇರಬಹುದು, ಆಸ್ತಿಯ ಜಗಳವೂ ಇರಬಹುದು. ಹೊಸ ಸೊಸೆ ವಿಷ ಕುಡಿದ ಮನೆಯಲ್ಲಿ ಸಾಕು ಬಿಡ್ರಿ ಎಂಬ ಮಾತಿಗೆ ತಲೆಯಾಡಿಸಲಾಗದು. ಆ ಮಾತು ಹೇಳಿದವರು ಯಾರು, ಎಷ್ಟು ಹೊತ್ತಿಗೆ ಹೇಳಿದರು ಎಂಬುದಾದರೂ ಬರೆಹದಲ್ಲಿ ಉಳಿಯಬೇಕು.

ಐದನೆಯ ದಾರಿ: ಒಂದೇ ಗಾಡಿ, ಎರಡು ಕರೆ

ಒಬ್ಬ ರೋಗಿಯ ಪಕ್ಕದಿಂದ ಎದ್ದು ಇಡೀ ತಾಲೂಕನ್ನು ನೋಡುವವರ ವಾದ ಇದು. ಲಕ್ಷ ಜನಸಂಖ್ಯೆಗೆ ಒಂದು ಆಂಬುಲೆನ್ಸ್ ಎಂಬುದು ರಾಷ್ಟ್ರೀಯ ಮಾನದಂಡ. ಬದುಕುವ ಆಸೆಯೇ ಇಲ್ಲದ ದೇಹವನ್ನು ಹೊತ್ತು ಗಾಡಿ ಬಳ್ಳಾರಿಯತ್ತ ಓಡುತ್ತಿರುವಾಗ ಸಂಡೂರಿನ ಗುಡ್ಡದ ಹಟ್ಟಿಯಲ್ಲಿ ಬಾಣಂತಿಗೆ ರಕ್ತಸ್ರಾವವಾದರೆ? ಓಡುವ ಗಾಡಿಯಲ್ಲಿ ನಿಂತು ಎದೆ ಒತ್ತುವುದು ಸರಿಯಾಗಿ ಆಗುವುದೂ ಇಲ್ಲ. ರಸ್ತೆಯ ಪ್ರತಿ ಉಬ್ಬಿಗೂ ಕೈ ಜಾರುತ್ತದೆ, ಪ್ರತಿ ತಿರುವಿನಲ್ಲೂ ಸಿಬ್ಬಂದಿಯ ಪ್ರಾಣಕ್ಕೇ ಕುತ್ತು. ಸ್ಥಳದಲ್ಲೇ ನಿಂತು ಚೆನ್ನಾಗಿ ಒತ್ತುವುದು, ಫಲವಿಲ್ಲವೆಂದು ಕಂಡಾಗ ಗೌರವದಿಂದ ನಿಲ್ಲಿಸುವುದು ಎಲ್ಲರಿಗೂ ನ್ಯಾಯ ಎನ್ನುತ್ತದೆ ಈ ಪಂಥ.

ನಮ್ಮಲ್ಲಿ ಅದಕ್ಕೆ ಅಡ್ಡ ನಿಂತಿರುವುದು ಸರಳವಾದ ಒಂದು ಸಂಗತಿ. ಸಾವನ್ನು ಘೋಷಿಸುವುದು ನೋಂದಾಯಿತ ವೈದ್ಯರ ಕೆಲಸ. ಗಾಡಿಯಲ್ಲಿ ವೈದ್ಯರಿಲ್ಲ. ಹಾಗಾಗಿ ದೇಹ ಆಸ್ಪತ್ರೆಗೆ ಹೋಗುತ್ತದೆ, ಅಲ್ಲಿ "ತರುವಾಗಲೇ ಮೃತ" ಎಂಬ ಷರಾ ಬೀಳುತ್ತದೆ. ಅನುಮಾನವಿದ್ದರೆ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ), ಪಂಚನಾಮೆ, ಶವಪರೀಕ್ಷೆ. ತರುವಾಗಲೇ ಎಂಬ ಆ ಒಂದು ಪದದ ಹಿಂದೆ ಗಾಡಿಯೊಳಗಿನ ಅಷ್ಟೂ ಶ್ರಮ ಮರೆಯಾಗುತ್ತದೆ.

ದಾಖಲೆ ಯಾರಿಗಾಗಿ?

ದಾಖಲೆಯ ಬಗ್ಗೆಯೂ ಮೂರು ನಿಲುವುಗಳಿವೆ. ಒಂದನೆಯದು ದಾಖಲೆಯನ್ನು ಗುರಾಣಿಯೆಂದು ನೋಡುತ್ತದೆ: ನಾಳೆ ಕೇಸಾದರೆ ಕಾಯುವುದು ಕಾಗದವೇ. ಹೀಗೆ ಬರೆದ ದಾಖಲೆ ಹೆಚ್ಚಾಗಿ ಸುರಕ್ಷಿತ ಪದಗಳಲ್ಲಿ ಮುಗಿಯುತ್ತದೆ. ಏನಾಯಿತೆಂಬುದಕ್ಕಿಂತ ಏನೂ ತಪ್ಪಾಗಲಿಲ್ಲ ಎಂಬುದು ಎದ್ದು ಕಾಣುತ್ತದೆ. ಎರಡನೆಯದು ದಾಖಲೆಯನ್ನು ಕಲಿಕೆಯೆಂದು ನೋಡುತ್ತದೆ. ಉಟ್‌ಸ್ಟೈನ್ ನಮೂನೆ ಇದರ ಕೂಸು. ನಮ್ಮ ನೆರೆಯ ತೆಲಂಗಾಣದ ವರಂಗಲ್ ಪ್ರದೇಶದಲ್ಲಿ ಆಸ್ಪತ್ರೆಯ ಹೊರಗಿನ ಹೃದಯ ಸ್ತಂಭನಗಳ ನೋಂದಣಿ ನಡೆದಿರುವುದು, ಸಣ್ಣ ಊರುಗಳಲ್ಲೂ ಇದು ಸಾಧ್ಯವೆಂಬುದಕ್ಕೆ ಸಾಕ್ಷಿ. ಮೂರನೆಯದು ದಾಖಲೆಯನ್ನು ಮನೆಯವರಿಗೆ ಸಲ್ಲಬೇಕಾದ ಉತ್ತರವೆಂದು ನೋಡುತ್ತದೆ. ಅಪ್ಪನ ಕೊನೆಗಳಿಗೆಯಲ್ಲಿ ಏನಾಯಿತೆಂದು ದುಬೈಯಿಂದಲೋ ಬೆಂಗಳೂರಿನಿಂದಲೋ ಬಂದ ಮಗಳು ಕೇಳಿದರೆ ಯಾರಾದರೂ ನಿಖರವಾಗಿ ಹೇಳಬಲ್ಲರೇ?

ಸದ್ಯದ ನಿಯಮಗಳು ಈ ಮೂರನ್ನೂ ಪೂರ್ತಿ ಮುಟ್ಟುವುದಿಲ್ಲ. ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿ ಒಳರೋಗಿಗಳ ದಾಖಲೆಯನ್ನು 3 ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎನ್ನುತ್ತದೆ. ಆಂಬುಲೆನ್ಸಿನಲ್ಲಿ ಸತ್ತವರು ಒಳರೋಗಿಗಳಲ್ಲ. ಜನನ ಮರಣ ನೋಂದಣಿಯಲ್ಲಿ ಸಾವಿನ ಕಾರಣ ಬರೆಯಲು ಆಸ್ಪತ್ರೆಯ ಸಾವಿಗೆ ನಮೂನೆ 4, ಹೊರಗಿನ ಸಾವಿಗೆ ನಮೂನೆ 4ಎ ಇವೆ. ಆದರೆ ದೇಶದಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸುವುದು ಐದರಲ್ಲಿ ಒಂದಕ್ಕಿಂತ ತುಸು ಹೆಚ್ಚು, ಅಷ್ಟೇ. ಗಣಿಗಳಲ್ಲಿ ಪ್ರಥಮ ಚಿಕಿತ್ಸೆಯ ಕೋಣೆ, ಅಪಘಾತದ ವರದಿ 1952ರ ಕಾಯ್ದೆಯ ಕಾಲದಿಂದ ಕಡ್ಡಾಯ. ಅಲ್ಲಿ ಬರೆಯುವುದು ಅಪಘಾತದ ಕಥೆ. ಎದೆ ಎಷ್ಟು ಹೊತ್ತಿಗೆ ಒತ್ತಿದರೆಂಬುದನ್ನು ಕೇಳುವ ಅಂಕಣ ಅಲ್ಲಿಲ್ಲ.

ಬರೆಯದಿದ್ದರೆ ಏನಾಗುತ್ತದೆ ಎಂಬುದನ್ನು 2025ರಲ್ಲಿ ಹಾಸನ ತೋರಿಸಿತು. ಮೇ–ಜೂನ್‌ನಲ್ಲಿ ಹಠಾತ್ ಸಾವುಗಳ ಸುದ್ದಿ ಒಂದರ ಹಿಂದೊಂದು ಬಂದಾಗ ಜನ ಹೆದರಿ ಆಸ್ಪತ್ರೆಗಳಿಗೆ ಮುಗಿಬಿದ್ದರು. ತಜ್ಞರ ಸಮಿತಿ ಅಸಹಜ ಏರಿಕೆ ಇಲ್ಲವೆಂದಿತು. ಹಲವು ಸಾವುಗಳು ಮನೆಯಲ್ಲೇ ಆಗಿದ್ದವು. ಶವಪರೀಕ್ಷೆ ಇಲ್ಲದೆ ಕಾರಣ ಊಹೆಯಾಗಿಯೇ ಉಳಿದಿತ್ತು. ಆ ಬಳಿಕ ಸರ್ಕಾರ, ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ಅಧಿಸೂಚಿತವಾಗಿಸಿ ಶವಪರೀಕ್ಷೆಗೆ ಒಳಪಡಿಸುವುದಾಗಿ ಪ್ರಕಟಿಸಿತು. ಖಾಸಗಿತನದ ಹಕ್ಕಿನ ಪ್ರಶ್ನೆಯೂ ಇದರೊಂದಿಗೆ ಬರುತ್ತದೆ. 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ ಒಪ್ಪಿಗೆಯಿಲ್ಲದೆ ಮಾಹಿತಿ ಬಳಸಲು ಬಿಡುತ್ತದೆ. ಆದರೆ ಎದೆ ಒತ್ತುವ ದೃಶ್ಯವನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚುವುದು ದಾಖಲೆಯಲ್ಲ, ಸತ್ತವರಿಗೆ ಮಾಡುವ ಅವಮಾನ.

ಈ ಸೀಮೆಗೆ ಸಾವನ್ನು ಬರೆದಿಡುವುದು ಹೊಸದಲ್ಲ. ಊರ ಹೊರಗಿನ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಹೇಗೆ ಸತ್ತ ಎಂಬುದನ್ನು ಮೊದಲು ಕೆತ್ತಿ, ಆಮೇಲೆ ಸ್ವರ್ಗವನ್ನು ಕೆತ್ತಿದರು. ನಮ್ಮ ಇಂದಿನ ಮರಣ ಪತ್ರಗಳಲ್ಲಿ ಬಹುಪಾಲಿಗೆ ಆ ಕೆಳಗಿನ ಪಟ್ಟಿಕೆಯೇ ಇಲ್ಲ.

ಇನ್ನೂ ಇತ್ಯರ್ಥವಾಗದ್ದು

ಐದು ದಾರಿಗಳೂ ಒಂದೊಂದು ಸತ್ಯ ಹೇಳುತ್ತವೆ. ಯಾವುದೂ ಒಂಟಿಯಾಗಿ ಸಾಲದು. ಉಳಿದಿರುವ ಗಂಟುಗಳು ಇವು.

ಒಂದು, ನಿಲ್ಲಿಸುವ ಅಧಿಕಾರ. ಫೋನಿನ ಆಚೆಯ ವೈದ್ಯರು ವಿಡಿಯೊ ನೋಡಿ ಸಾವನ್ನು ಘೋಷಿಸಬಹುದೇ? ಕೊಳೆತ ದೇಹ, ಸೆಟೆದ ಮೈಯಂಥ ಅನುಮಾನಕ್ಕೆ ಎಡೆಯಿಲ್ಲದ ಸ್ಥಿತಿಯಲ್ಲಾದರೂ ಇಎಂಟಿಯ ಮಾತಿಗೆ ಬೆಲೆ ಸಿಗಬೇಕೇ?

ಎರಡು, ಇಎಂಟಿಯ ಸ್ಥಾನ. 2021ರ ಸಹವೈದ್ಯಕೀಯ ವೃತ್ತಿಗಳ ಕಾಯ್ದೆ ಈ ವೃತ್ತಿಯನ್ನು ಗುರುತಿಸಿದೆ. ಆದರೆ ನ್ಯಾಯ ಸಂಹಿತೆಯ 106ನೇ ಕಲಂ ನಿರ್ಲಕ್ಷ್ಯದ ಸಾವಿಗೆ ನೋಂದಾಯಿತ ವೈದ್ಯರಿಗೆ ಗರಿಷ್ಠ 2 ವರ್ಷ, ಉಳಿದವರಿಗೆ 5 ವರ್ಷ ಶಿಕ್ಷೆ ಹೇಳುತ್ತದೆ. ವೈದ್ಯರ ಆಜ್ಞೆಯಂತೆ ನಡೆದ ಇಎಂಟಿ ಯಾವ ಸಾಲಿಗೆ?

ಮೂರು, ಮನೆಯಲ್ಲಿಟ್ಟ ಲಿವಿಂಗ್ ವಿಲ್. 2023ರ ಆದೇಶದಂತೆ ಅದರ ಪ್ರತಿ ಸ್ಥಳೀಯ ಸಂಸ್ಥೆಯ ಅಧಿಕಾರಿಯ ಬಳಿ ಇರಬೇಕು. ಪಂಚಾಯಿತಿ, ನಗರಸಭೆಯ ಕಪಾಟಿನಿಂದ 108ರ ಪರದೆಗೆ ಅದು ಬರುವುದು ಹೇಗೆ? ಬಂದರೂ ಅದನ್ನು ಪಾಲಿಸಬಹುದೇ?

ನಾಲ್ಕು, ಇಲ್ಲಿಗೆ ತಕ್ಕ ನಿಯಮ. ಹಾವು, ಹೊಳೆ, ಕರೆಂಟು, ಕೀಟನಾಶಕಗಳ ನಾಡಿನಲ್ಲಿ ಎಷ್ಟು ಹೊತ್ತು ಒತ್ತಬೇಕು?

ಐದು, ಗಡಿ. ಕಂಪ್ಲಿಯ ಬಳಿ ನೀರಿಗೆ ಬಿದ್ದವರು ಆಚೆ ದಂಡೆಯಲ್ಲಿ ಸಿಕ್ಕರೆ ಠಾಣೆ ಬೇರೆ, ಜಿಲ್ಲೆ ಬೇರೆ, ಕಡತ ಬೇರೆ. ಒಂದೇ ಸಾವಿನ ದಾಖಲೆ ಒಂದೆಡೆ ಕೂಡುವುದು ಹೇಗೆ?

ಆರು, ಶವಪರೀಕ್ಷೆ. ಕಾರಣ ತಿಳಿಯುವ ಸಮಾಜದ ಹಕ್ಕು ದೊಡ್ಡದೋ, ದೇಹವನ್ನು ಹಾಗೇ ಮಣ್ಣು ಮಾಡಬೇಕೆಂಬ ಮನೆಯವರ ಬೇಡಿಕೆ ದೊಡ್ಡದೋ?

ಇವಕ್ಕೆ ಉತ್ತರ ಕಂಡುಕೊಳ್ಳುವುದು ಶಾಸನಸಭೆ, ನ್ಯಾಯಾಲಯ, ವೈದ್ಯರು ಸೇರಿ ಮಾಡಬೇಕಾದ ಕೆಲಸ. ಅದಕ್ಕೆ ಸಮಯ ಹಿಡಿಯುತ್ತದೆ. ಅಲ್ಲಿಯತನಕ ಕಾಯದೆ ಮಾಡಬಹುದಾದ್ದು ಒಂದಿದೆ. ಬಿದ್ದದ್ದು ಎಷ್ಟು ಹೊತ್ತಿಗೆ, ಮೊದಲು ಕೈಯಿಟ್ಟವರು ಮನೆಯವರೋ ದಾರಿಹೋಕರೋ, ಒತ್ತಲು ಶುರು ಮಾಡಿದ್ದು ಯಾವಾಗ, ನಿಲ್ಲಿಸಿದ್ದು ಯಾವಾಗ ಮತ್ತು ಯಾರ ಮಾತಿನ ಮೇಲೆ ಎಂಬ ನಾಲ್ಕು ಸಾಲು, ಕನ್ನಡದಲ್ಲಿ, ಪ್ರತಿ ಬಾರಿಯೂ. ಆ ಹಾಳೆಯ ಒಂದು ಪ್ರತಿ ಮನೆಯವರ ಕೈಗೆ. ಈ ಸೀಮೆಯ ಮೂರು ತಾಲೂಕುಗಳಲ್ಲಿ ಕೆಲವು ವರ್ಷ ಇಷ್ಟು ನಡೆದರೂ, ಮೇಲಿನ ನಾಲ್ಕನೆಯ ಗಂಟನ್ನು ಬಿಚ್ಚಲು ಬೇಕಾದ ಎಳೆ ನಮ್ಮ ಕೈಯಲ್ಲೇ ಇರುತ್ತದೆ. ಗ್ಲೌಸಿನ ಮೇಲೆ ಬರೆದ 6.43 ಕೆಂಪು ಚೀಲ ಸೇರುವ ಮೊದಲು ಕಾಗದಕ್ಕೆ ಇಳಿಯಬೇಕು.